ಒಂದೇ ಥರ ಕಾಣೋ ಎರಡು ಸಾಕೆಟ್: ಪಿಆರ್‌ಐ ಲೈನನ್ನ ರೌಟರ್‌ಗೆ ನಾವೇ ಹಾಕ್ಬಹುದಾ?

ಪ್ರಶ್ನೆ: ಸರ್, ನಾನು ಶಿವಮೊಗ್ಗದ ಒಂದು ನರ್ಸಿಂಗ್ ಹೋಮಲ್ಲಿ ಕಂಪ್ಯೂಟರ್, ಸಿಸಿಟಿವಿ, ಫೋನು ಎಲ್ಲಾ ನೋಡ್ಕೊಳ್ತೀನಿ. ರಿಸೆಪ್ಷನ್‌ಗೆ ಒಂದು ಪಿಆರ್‌ಐ ಲೈನ್ ಇದೆ, ಒಂದೇ ಲೈನಲ್ಲಿ ಮೂವತ್ತು ಕಾಲ್ ಓಡೋ ಡಿಜಿಟಲ್ ಫೋನ್ ಲೈನು. ಹಳೇ ಇಪಿಎಬಿಎಕ್ಸ್ (ಒಳಗಿನ ಫೋನುಗಳಿಗೆ ಕಾಲ್ ಹಂಚೋ ಡಬ್ಬ) ಕೆಟ್ಟೋಯ್ತು ಅಂತ ಇ1 ಕಾರ್ಡ್ (ಪಿಆರ್‌ಐ ಲೈನ್ ಹಿಡಿಯೋ ಕಾರ್ಡ್) ಇರೋ ಸೆಕೆಂಡ್ ಹ್ಯಾಂಡ್ ಸಿಸ್ಕೋ ರೌಟರ್ ಒಂದು ತರ್ಸಿದೀವಿ. ಅದ್ರಲ್ಲಿ ಇ1 ಪೋರ್ಟೂ ನೆಟ್‌ವರ್ಕ್ ಪೋರ್ಟೂ ನೋಡಕ್ಕೆ ಒಂದೇ ಥರ ಇವೆ. ಮಾಮೂಲಿ ಪ್ಯಾಚ್ ಕೇಬಲ್ ಹಾಕಿದ್ರೆ ಆಗತ್ತಾ, ಒಳಗೆ ತಂತಿ ಅದಲು ಬದಲು ಮಾಡಿರೋ ಕ್ರಾಸ್ ಕೇಬಲ್ ಬೇಕಾ? ಫೋನ್ ಲೈನಲ್ಲಿ ಶಾಕ್ ಹೊಡಿಯತ್ತೆ ಅಂತ ನಮ್ಮ ಎಲೆಕ್ಟ್ರಿಷಿಯನ್ ಹೆದರಿಸ್ತಿದಾರೆ. ಹೋದ ವರ್ಷ ಸಿಡಿಲಿಗೆ ಹಳೇ ಇಪಿಎಬಿಎಕ್ಸ್ ಕಾರ್ಡ್ ಸುಟ್ಟಿತ್ತು ಬೇರೆ. ನಾನೇ ಹಾಕ್ಬಹುದಾ?

ಉತ್ತರ: ಹಾಕ್ಬಹುದು ಮೇಡಂ, ಆದ್ರೆ ಇವತ್ತೇ ಬೇಡ. ಮೊದಲು ಅರ್ತಿಂಗ್ ನೋಡ್ಬೇಕು, ಆಮೇಲೆ ಮೀಟರ್ ಇಟ್ಟು ಆ ಲೈನ್ ನಿಜವಾಗ್ಲೂ ಏನು ಅಂತ ನೋಡ್ಬೇಕು, ಕೇಬಲ್ ಕೊನೇಗೆ. ಎಲ್ರೂ ಇದನ್ನ ಉಲ್ಟಾ ಮಾಡ್ತಾರೆ. ಕೇಬಲ್ ಚುಚ್ಚಿ ಲೈಟ್ ಬರ್ಲಿಲ್ಲ ಅಂತ ಮೀಟರ್ ತಗೋತಾರೆ, ಕಾರ್ಡ್ ಸುಟ್ಮೇಲೆ ಅರ್ತಿಂಗ್ ನೆನಪಾಗತ್ತೆ. ನಿಮ್ಮ ಎಲೆಕ್ಟ್ರಿಷಿಯನ್ ಹೇಳಿದ್ರಲ್ಲಿ ಅರ್ಧ ಸತ್ಯ ಇದೆ, ಆ ಅರ್ಧ ಯಾವ್ದು ಅಂತ ಗೊತ್ತಾದ್ರೆ ಹೆದರಿಕೆ ತಾನಾಗೇ ಜಾಗಕ್ಕೆ ಬಂದು ಕೂತ್ಕೊಳ್ಳತ್ತೆ.

ನಿಮಗೆ ಅನುಮಾನ ಬಂದಿದ್ದು ಸರಿಯಾದ ಜಾಗದಲ್ಲೇ, ಆ ಒಂದೇ ಥರದ ಎರಡು ಸಾಕೆಟ್‌ನಲ್ಲಿ. ಬೆಳ್ಳಗಿರೋದೆಲ್ಲಾ ಹಾಲಲ್ಲ ಅಂತಾರಲ್ಲ, ಹಂಗೇ ಎಂಟು ಪಿನ್ ಇರೋದೆಲ್ಲಾ ನೆಟ್‌ವರ್ಕ್ ಪೋರ್ಟ್ ಅಲ್ಲ. ಈಥರ್ನೆಟ್ ಪೋರ್ಟ್ ಅನ್ನೋದು ನಿಮ್ಮ ಬಿಲ್ಡಿಂಗ್ ಒಳಗಿನ ವ್ಯವಹಾರ, ಅದ್ರ ತಂತಿ ನಿಮ್ಮ ಸ್ವಿಚ್‌ನಿಂದ ಹೊರಟು ನಿಮ್ಮದೇ ಕಂಪ್ಯೂಟರ್‌ಗೆ ಹೋಗಿ ಮುಗಿಯತ್ತೆ. ಇ1 ಪೋರ್ಟ್ ಬೀದಿಗೆ ತೆರೆದ ಬಾಗಿಲು. ಅದ್ರ ಹಿಂದೆ ಲೈನ್ ಕೊಟ್ಟೋರ ಮೋಡೆಮ್, ಮೋಡೆಮ್ ಹಿಂದೆ ನೆಲದಡಿ ತಾಮ್ರದ ಜೋಡಿ, ಕಂಬ, ರಸ್ತೆ ಬದಿಯ ಪಿಲ್ಲರ್ ಬಾಕ್ಸ್, ಕಿಲೋಮೀಟರ್‌ಗಟ್ಲೆ ದೂರದ ಎಕ್ಸ್‌ಚೇಂಜ್. ಆ ದಾರೀಲಿ ಎಲ್ಲಾದ್ರೂ ಸಿಡಿಲು ಬಿದ್ರೆ, ಕರೆಂಟ್ ತಂತಿ ಜೋತುಬಿದ್ದು ಫೋನ್ ತಂತಿಗೆ ತಾಗಿದ್ರೆ, ಅದು ಬಂದು ತಟ್ಟೋದು ನಿಮ್ಮ ರೌಟರ್‌ನ ಆ ಒಂದು ಸಾಕೆಟ್‌ನೇ. ಸೇಫ್ಟಿ ಸ್ಟ್ಯಾಂಡರ್ಡ್ ಬರೆಯೋರು ಇದಕ್ಕೇ ಎರಡು ಜಾತಿ ಮಾಡಿದ್ರು, ಒಳಗಿನದ್ದು ಎಸ್‌ಇಎಲ್‌ವಿ, ಹೊರಗಿನ ಟೆಲಿಫೋನ್ ಜಾಲಕ್ಕೆ ಸೇರಿದ್ದು ಟಿಎನ್‌ವಿ. ಎಸ್‌ಇಎಲ್‌ವಿ ಅಂದ್ರೆ ಮನುಷ್ಯ ಮುಟ್ಟಿದ್ರೂ ತೊಂದ್ರೆ ಇಲ್ಲದ ಮಟ್ಟ, ಡಿಸಿ ಆದ್ರೆ 60 ವೋಲ್ಟ್ ಒಳಗೆ, ಎಸಿ ಆದ್ರೆ ಪೀಕ್ 42.4 ವೋಲ್ಟ್ ಒಳಗೆ. ಟಿಎನ್‌ವಿಯಲ್ಲಿ ಆ ಗ್ಯಾರಂಟಿ ಇಲ್ಲ. ಈಗಿನ 62368-1 ಸ್ಟ್ಯಾಂಡರ್ಡಲ್ಲಿ ಇಎಸ್1, ಇಎಸ್2 ಅಂತ ಹೆಸರು ಬದಲಾಯಿಸಿದಾರೆ, ನಿಮ್ಮ ಹಳೇ ರೌಟರ್ ಜೊತೆ ಬಂದ ಪುಸ್ತಕದಲ್ಲಿ ಹಳೇ ಹೆಸರೇ ಇರತ್ತೆ. ಎಸ್‌ಇಎಲ್‌ವಿ ಸರ್ಕ್ಯೂಟನ್ನ ಟಿಎನ್‌ವಿಗೆ ಸೇರಿಸ್ಬೇಡಿ, ಲ್ಯಾನ್ (ಒಳಗಿನ ಜಾಲ) ವ್ಯಾನ್ (ಹೊರಗಿನ ಲೈನ್) ಎರಡಕ್ಕೂ ಆರ್‌ಜೆ-45 (ಅದೇ ಎಂಟು ಪಿನ್ ಸಾಕೆಟ್) ಇರಬಹುದು ಹುಷಾರು, ಅಂತ ಅದ್ರಲ್ಲಿ ತ್ರಿಕೋನದ ಚಿಹ್ನೆ ಹಾಕಿ ಬರ್ದಿರ್ತಾರೆ. ಯಾರೂ ಓದಲ್ಲ, ಯಾಕಂದ್ರೆ ಅದೇ ಪುಟದಲ್ಲಿ ಅದೇ ಎಚ್ಚರಿಕೆ ಹತ್ತು ಭಾಷೇಲಿ ತುಂಬ್ಕೊಂಡಿರತ್ತೆ!

ಇನ್ನು ಶಾಕ್ ವಿಷ್ಯ. ಮಾಮೂಲಿ ಅನಲಾಗ್ ಫೋನ್ ಲೈನಲ್ಲಿ ಸುಮ್ನೆ ಇದ್ದಾಗ ಸುಮಾರು 48 ವೋಲ್ಟ್ ಡಿಸಿ ಇರತ್ತೆ, ಒಣ ಕೈಗೆ ಅದು ಅಷ್ಟಾಗಿ ಗೊತ್ತೂ ಆಗಲ್ಲ. ರಿಂಗ್ ಬಂದಾಗ ಅದ್ರ ಮೇಲೆ 75 ವೋಲ್ಟ್ ಆಸುಪಾಸಿನ ಎಸಿ ಬಂದು ಕೂರತ್ತೆ ನೋಡಿ, ಆಗ ಗೊತ್ತಾಗತ್ತೆ. ನಂಗೆ ಗೊತ್ತಾಗಿದ್ದು ಹುಬ್ಬಳ್ಳೀಲಿ, ಕೆಲಸಕ್ಕೆ ಸೇರಿದ ಹೊಸದ್ರಲ್ಲಿ. ಏಣಿ ಮೇಲೆ ನಿಂತು ಎಡಗೈಯಲ್ಲಿ ಕಬ್ಬಿಣದ ಪೆಟ್ಟಿಗೆ ಹಿಡ್ಕೊಂಡು ಬಲಗೈ ಬೆರಳಲ್ಲಿ ಸುಲಿದ ತಂತಿ ಸರಿ ಮಾಡ್ತಾ ಇದ್ದೆ, ಬೇಸಿಗೆ ಬೇರೆ, ಅಂಗೈ ಎಲ್ಲಾ ಬೆವರು. ಯಾರೋ ಪುಣ್ಯಾತ್ಮರು ಅದೇ ನಂಬರ್‌ಗೆ ಫೋನ್ ಮಾಡಿದ್ರು. ಕೈ ಜಾಡಿಸಿದ ರಭಸಕ್ಕೆ ತಂತಿ ಒತ್ತೋ ಕ್ರೋನ್ ಟೂಲ್ ಹಾರಿ ಕೆಳಗೆ ಕೂತು ಊಟ ಮಾಡ್ತಿದ್ದ ಸೆಕ್ಯುರಿಟಿಯವ್ರ ಡಬ್ಬಿ ಪಕ್ಕ ಬಿತ್ತು. ಶಾಕಿಂದ ನಂಗೇನೂ ಆಗ್ಲಿಲ್ಲ, ಆದ್ರೆ ಏಣಿಯಿಂದ ಬಿದ್ದಿದ್ರೆ? ಫೋನ್ ಲೈನ್ ಶಾಕಲ್ಲಿ ಜನ ಪೆಟ್ಟು ಮಾಡ್ಕೊಳ್ಳೋದು ಬಹಳ ಸಲ ಹಿಂಗೇ, ಕರೆಂಟಿಂದ ಅಲ್ಲ, ಬೆಚ್ಚಿಬೀಳೋದ್ರಿಂದ.

ನಿಮ್ಮ ಪಿಆರ್‌ಐ ಅನಲಾಗ್ ಅಲ್ಲ, ಅದ್ರಲ್ಲಿ ರಿಂಗ್ ಕರೆಂಟ್ ಬರಲ್ಲ. ಅದು ಇ1, ಅಂದ್ರೆ ಸೆಕೆಂಡಿಗೆ 2.048 ಮೆಗಾಬಿಟ್, 64 ಕಿಲೋಬಿಟ್‌ನ 32 ಸ್ಲಾಟ್, ಅದ್ರಲ್ಲಿ 0ನೇದು ಫ್ರೇಮಿಂಗ್‌ಗೆ (ಸ್ಲಾಟ್ ಲೆಕ್ಕ ತಪ್ಪದ ಹಾಗೆ), 16ನೇದು ಸಿಗ್ನಲಿಂಗ್‌ಗೆ (ಕಾಲ್ ಹಚ್ಚೋದು ಇಡೋದು), ಉಳಿದ 30 ನಿಮ್ಮ ಮಾತಿಗೆ. ಮೋಡೆಮಿಂದ ರೌಟರ್‌ಗೆ ಬರೋ ಪಲ್ಸ್ ಬರೀ 3 ವೋಲ್ಟ್. ಹಂಗಾದ್ರೆ ಭಯ ಎಲ್ಲಿ ಅಂದ್ರೆ ಮೋಡೆಮ್‌ನ ಇನ್ನೊಂದು ಬದೀಲಿ. ತಾಮ್ರದ ಜೋಡಿ ಮೇಲೆ ಎಚ್‌ಡಿಎಸ್‌ಎಲ್ ಮೋಡೆಮ್ ಹಾಕಿ ಪಿಆರ್‌ಐ ಕೊಟ್ಟಿರೋ ಕಡೆ, ದಾರೀಲಿ ಸಿಗ್ನಲ್‌ಗೆ ಬಲ ತುಂಬೋ ರಿಪೀಟರ್‌ಗೋ ಈ ಕಡೆಯ ಮೋಡೆಮ್‌ಗೋ ಎಕ್ಸ್‌ಚೇಂಜಿಂದನೇ ಅದೇ ತಂತೀಲಿ ಪವರ್ ಕಳಿಸೋ ಪದ್ಧತಿ ಉಂಟು, ಅದು 100 ವೋಲ್ಟ್ ದಾಟೋದೂ ಉಂಟು. ನಿಮ್ಮ ರೌಟರ್ ಆಫ್ ಇದ್ರೂ, ಇಡೀ ಆಸ್ಪತ್ರೆ ಮೇನ್ ಆಫ್ ಮಾಡಿದ್ರೂ ಅದು ಅಲ್ಲೇ ಇರತ್ತೆ, ಯಾಕಂದ್ರೆ ಅದ್ರ ಸ್ವಿಚ್ ನಿಮ್ಮ ಹತ್ರ ಇಲ್ಲ. ಎಲೆಕ್ಟ್ರಿಷಿಯನ್ ಹೇಳಿದ್ರಲ್ಲಿ ಸತ್ಯ ಅಂದ್ನಲ್ಲ, ಇದೇ ಅದು. ಮೇನ್ ಆಫ್ ಮಾಡಿದೀನಿ ಇನ್ನೇನು ಅಂತ ಧೈರ್ಯವಾಗಿ ಕೈ ಹಾಕೋದು ಕರೆಂಟ್ ಕೆಲಸದೋರ ಅಭ್ಯಾಸ, ಫೋನ್ ತಂತಿ ಹತ್ರ ಆ ಅಭ್ಯಾಸ ಕೈ ಕೊಡತ್ತೆ.

ಅದಕ್ಕೇ ಕೇಬಲ್ ಹಾಕೋ ತೆಗೆಯೋ ಕ್ರಮ. ಹಾಕುವಾಗ ಮೊದಲು ರೌಟರ್ ಕಡೆ ತುದಿ, ಆಮೇಲೆ ಮೋಡೆಮ್ ಅಥವಾ ಗೋಡೆ ಕಡೆ. ತೆಗೆಯುವಾಗ ಮೊದಲು ಗೋಡೆ ಕಡೆ, ಆಮೇಲೆ ರೌಟರ್. ಕಾರಣ ಸರಳ, ಗೋಡೆ ಕಡೆ ಬಿಚ್ಚಿದ್ರೆ ಕೇಬಲ್ ಸತ್ತ ಹಗ್ಗ, ಅದನ್ನ ಹೆಂಗ್ ಬೇಕಾದ್ರೂ ಹಿಡ್ಕೋಬಹುದು. ರೌಟರ್ ಕಡೆ ಮೊದಲು ಎಳೆದ್ರೆ ಜೀವ ಇರೋ ತುದಿ ನಿಮ್ಮ ಕೈಯಲ್ಲಿ ಉಳ್ಕೊಳ್ಳತ್ತೆ, ಅದು ಜಾರಿ ರ‍್ಯಾಕ್‌ಗೆ ತಾಗ್ಬಹುದು, ಇಲ್ಲಾ ನೀವೇ ಗಡಿಬಿಡೀಲಿ ಪಕ್ಕದ ಲ್ಯಾನ್ ಪೋರ್ಟ್‌ಗೆ ಚುಚ್ಚಬಹುದು.

ಚುಚ್ಚಿದ್ರೆ ಏನಾಗತ್ತೆ? ಇ1 ಸಿಗ್ನಲ್ ಲ್ಯಾನ್ ಪೋರ್ಟ್‌ಗೆ ಹೋದ್ರೆ ಬಹಳ ಸಲ ಏನೂ ಆಗಲ್ಲ, ಲೈಟ್ ಹತ್ತಲ್ಲ ಅಷ್ಟೇ. ಆದ್ರೆ ಅನಲಾಗ್ ಲೈನ್ ಹೋದ್ರೆ ಕಥೆ ಬೇರೆ. ಮಾಮೂಲಿ ಫೋನಿನ ಆರ್‌ಜೆ-11 ಪ್ಲಗ್ ಚಿಕ್ಕದು, ಆರ್‌ಜೆ-45 ಸಾಕೆಟಲ್ಲಿ ಆರಾಮಾಗಿ ಕೂರತ್ತೆ, ಕೂತು ಪಕ್ಕದ 1ನೇ 8ನೇ ಪಿನ್ನನ್ನ ಅದುಮಿ ಬಗ್ಗಿಸತ್ತೆ, ಅದ್ರ ನಡುವಿನ ಎರಡು ತಂತಿ ನೇರ 4, 5ನೇ ಪಿನ್‌ಗೆ ತಾಗತ್ತೆ. ಅಲ್ಲಿರೋ ಟ್ರಾನ್ಸ್‌ಫಾರ್ಮರ್ ವೈಂಡಿಂಗು ಡಿಸಿ ಪಾಲಿಗೆ ಶಾರ್ಟ್ ಇದ್ದಂಗೆ. ಸಾಗರದ ಕಡೆ ಒಂದು ಅಡಿಕೆ ಗೋಡೌನಲ್ಲಿ ಹಿಂಗೇ ಯಾರೋ ಫೋನ್ ವೈರನ್ನ ಸ್ವಿಚ್ಚಿನ ಖಾಲಿ ಪೋರ್ಟ್‌ಗೆ ಹಾಕಿಬಿಟ್ಟಿದ್ರು, ಫೋನ್ ಯಾವಾಗ್ಲೂ ಎಂಗೇಜ್, ಮೂರು ದಿನ ಆದ್ಮೇಲೆ ಆ ಪೋರ್ಟೂ ಸತ್ತೋಯ್ತು. ಹಾಕಿದ್ದು ಯಾರು ಅಂತ ಕೇಳಿದ್ರೆ ಎಲ್ರೂ ಚಾವಣಿ ನೋಡ್ತಾರೆ. ಇದ್ರ ಉಲ್ಟಾನೂ ಹುಷಾರು, ಸಿಸಿಟಿವಿಗೆ ವೈಫೈ ಡಬ್ಬಿಗೆ ಹಾಕಿರೋ ಅಗ್ಗದ ಪಿಒಇ ಇಂಜೆಕ್ಟರ್ (ನೆಟ್‌ವರ್ಕ್ ಕೇಬಲಲ್ಲೇ ಪವರ್ ಕೊಡೋ ಡಬ್ಬಿ) ಇರತ್ತಲ್ಲ, ಎದುರುಗಡೆ ಏನಿದೆ ಅಂತ ಕೇಳದೇ ಕರೆಂಟ್ ತಳ್ಳೋದು, ಅದ್ರ ಕೇಬಲ್ ಇ1 ಪೋರ್ಟ್ ಹತ್ರ ಸುಳೀಬಾರ್ದು. ಇ1 ಪೋರ್ಟ್‌ಗೆ ಕೆಂಪು ಟೇಪ್ ಸುತ್ತಿ, ಅದ್ರ ಕೇಬಲ್‌ಗೂ ಎರಡೂ ತುದೀಲಿ ಕೆಂಪು ಟೇಪ್ ಸುತ್ತಿ. ಲೇಬಲ್ ಮೆಷಿನ್ ಬೇಡ, ಎಲೆಕ್ಟ್ರಿಕಲ್ ಅಂಗಡಿ ಟೇಪ್ ಸಾಕು.

ಈಗ ಕೇಬಲ್. ಸಂತೋಷದ ಸುದ್ದಿ ಏನಂದ್ರೆ ನಿಮ್ಮ ಮಾಮೂಲಿ ನೇರ ಪ್ಯಾಚ್ ಕೇಬಲ್ ಬಹುತೇಕ ಆಗತ್ತೆ. ಇ1 ಬಳಸೋದು 1, 2 ಒಂದು ಜೋಡಿ, 4, 5 ಇನ್ನೊಂದು ಜೋಡಿ. ರೌಟರ್ ಕಡೆಯಿಂದ ನೋಡಿದ್ರೆ 1, 2 ಕೇಳೋ ಕಿವಿ, 4, 5 ಮಾತಾಡೋ ಬಾಯಿ. ನೆಟ್‌ವರ್ಕ್ ಪ್ಯಾಚ್ ಕೇಬಲಲ್ಲಿ 1, 2 ಕಿತ್ತಳೆ ಜೋಡಿ, 4, 5 ನೀಲಿ ಜೋಡಿ, ಎರಡೂ ತಮ್ಮತಮ್ಮಲ್ಲೇ ಹೆಣೆದಿರತ್ತೆ, ಹಾಗಾಗಿ ಕೆಲಸ ನಡಿಯತ್ತೆ. ಇ1 ಕೇಳೋದು 120 ಓಮ್ ಇಂಪಿಡೆನ್ಸ್ (ಸಿಗ್ನಲ್‌ಗೆ ಕೇಬಲ್ ತೋರಿಸೋ ತಡೆ), ಈ ಕೇಬಲ್ 100 ಓಮ್, ಒಂದು ರೂಮೊಳಗಿನ ಎರಡು ಮೂರು ಮೀಟರ್‌ಗೆ ಆ ವ್ಯತ್ಯಾಸ ಲೆಕ್ಕಕ್ಕಿಲ್ಲ.

ತಪ್ಪಾಗೋದು ಕ್ರಾಸ್ ಕೇಬಲಲ್ಲಿ. ಲೈಟ್ ಬರ್ಲಿಲ್ಲ ಅಂದ್ರೆ ಜನ ತಕ್ಷಣ ಹಳೇ ಈಥರ್ನೆಟ್ ಕ್ರಾಸ್ ಕೇಬಲ್ ಹುಡುಕ್ತಾರೆ. ಅದು 1ನ್ನ 3ಕ್ಕೆ, 2ನ್ನ 6ಕ್ಕೆ ತಿರುಗಿಸತ್ತೆ, 4, 5 ಇದ್ದಲ್ಲೇ ಇರತ್ತೆ. ಇ1 ಪಾಲಿಗೆ ಅದು ಕಿವಿ ಮುಚ್ಚಿದಂಗೆ, ಯಾವತ್ತೂ ಕೆಲಸ ಮಾಡಲ್ಲ. ಇ1 ಕ್ರಾಸ್ ಬೇರೇನೇ, 1 ಹೋಗಿ 4ಕ್ಕೆ, 2 ಹೋಗಿ 5ಕ್ಕೆ. ನೀವೇ ಕ್ರಿಂಪ್ ಮಾಡೋದಾದ್ರೆ, ಅಂದ್ರೆ ತಂತಿಗೆ ಪ್ಲಗ್ ಒತ್ತೋದಾದ್ರೆ, ಒಂದು ತುದಿ ಮಾಮೂಲಿ ಬಿ ಸ್ಟ್ಯಾಂಡರ್ಡ್ (ನೆಟ್‌ವರ್ಕ್ ಕೇಬಲ್‌ನ ಬಣ್ಣದ ಕ್ರಮ), ಇನ್ನೊಂದು ತುದೀಲಿ 1ನೇ ಜಾಗಕ್ಕೆ ನೀಲಿ, 2ಕ್ಕೆ ಬಿಳಿ-ನೀಲಿ, 4ಕ್ಕೆ ಬಿಳಿ-ಕಿತ್ತಳೆ, 5ಕ್ಕೆ ಕಿತ್ತಳೆ. ಹಸಿರು ಕಂದು ಜೋಡಿಗಳನ್ನ ಎರಡೂ ಕಡೆ ಕತ್ತರಿಸಿ ಬಿಟ್ಬಿಡಿ, ಆಗ ಈ ಕೇಬಲ್ ತಪ್ಪಿ ಲ್ಯಾನಿಗೆ ಹೋದ್ರೂ ಲಿಂಕ್ ಬರಲ್ಲ, ಯಾರಿಗೂ ಮೋಸ ಆಗಲ್ಲ. ಜೋಡಿಯೊಳಗೆ ಎರಡು ತಂತಿ ಅದಲು ಬದಲಾದ್ರೆ ತಲೆ ಕೆಡಿಸ್ಕೋಬೇಡಿ, ಇ1ನಲ್ಲಿ ಬಳಸೋ ಎಚ್‌ಡಿಬಿ3 ಕೋಡಿಂಗ್‌ಗೆ ಪ್ಲಸ್ ಮೈನಸ್ ತಿರುಗಿದ್ರೂ ನಡಿಯತ್ತೆ. ಆದ್ರೆ ಒಂದು ಜೋಡಿಯ ತಂತಿ ಇನ್ನೊಂದು ಜೋಡಿ ಜೊತೆ ಬೆರೆತ್ರೆ, ಅಂದ್ರೆ ಕಿತ್ತಳೇದೊಂದು ನೀಲೀದೊಂದು ಸೇರಿಸಿ 1, 2 ಮಾಡಿದ್ರೆ, ಮೀಟರಲ್ಲಿ ಎಲ್ಲಾ ಸರಿ ಕಾಣತ್ತೆ, ಲೈನ್ ಮಾತ್ರ ದಿನಕ್ಕೆ ನಾಲ್ಕು ಸಲ ಬೀಳತ್ತೆ, ಹುಡುಕಿ ಹುಡುಕಿ ಸಾಕಾಗತ್ತೆ.

ನೇರವೋ ಕ್ರಾಸೋ ಅನ್ನೋದು ಮೋಡೆಮ್ ಮೇಲೆ ನಿಂತಿದೆ. ಕೆಲವು ಮೋಡೆಮ್‌ನವರು ಎಕ್ಸ್‌ಚೇಂಜ್ ಥರ ವರ್ತಿಸಿ 1, 2ರಲ್ಲಿ ಕಳಿಸ್ತಾರೆ, ಆಗ ನೇರ. ಕೆಲವರು ರೌಟರ್ ಥರಾನೇ 4, 5ರಲ್ಲಿ ಕಳಿಸ್ತಾರೆ, ಆಗ ಕ್ರಾಸ್. ಮೋಡೆಮ್ ಹಿಂದೆ ಟಿಎಕ್ಸ್ (ಕಳಿಸೋದು) ಆರ್‌ಎಕ್ಸ್ (ತಗೊಳ್ಳೋದು) ಅಂತ ಬರ್ದಿರತ್ತೆ, ಅದು ಯಾರ ಟಿಎಕ್ಸ್ ಅನ್ನೋದೇ ಮೂವತ್ತು ವರ್ಷದ ಜಗಳ. ತಪ್ಪಾಗಿ ಹಾಕಿದ್ರೆ ಏನೂ ಸುಡಲ್ಲ, 3 ವೋಲ್ಟು ಪಾಪ ಏನು ಮಾಡೀತು, ಹಾಗಾಗಿ ಒಂದು ಆಗ್ಲಿಲ್ಲ ಅಂದ್ರೆ ಇನ್ನೊಂದು ಹಾಕಿ ನೋಡಿ. ಮೋಡೆಮಲ್ಲಿ ಆರ್‌ಜೆ-45 ಇಲ್ದೇ ಎರಡು ಬಿಎನ್‌ಸಿ ಗುಂಡು ಕನೆಕ್ಟರ್ ಇದ್ರೆ, ಹಳೇ ಕೇಬಲ್ ಟಿವಿ ನೆನಪಾಗೋ ಥರ, ಅದು 75 ಓಮ್, ನೇರ ತಂತಿ ಬೆಸುಗೆ ಹಾಕಕ್ಕೆ ಹೋಗ್ಬೇಡಿ, ಮಧ್ಯೆ ಬೆರಳುದ್ದದ ಬಾಲನ್ ಅಂತ ಬರತ್ತೆ, ಒಂದು ಕಡೆ ಎರಡು ಬಿಎನ್‌ಸಿ ಇನ್ನೊಂದು ಕಡೆ ಆರ್‌ಜೆ-45, ಅದನ್ನ ಹಾಕಿ.

ಕೇಬಲ್ ದಪ್ಪದ ಬಗ್ಗೆನೂ ಒಂದು ಮಾತಿದೆ. ಟೆಲಿಫೋನ್ ಕಡೆ ಹೋಗೋ ತಂತಿ 26 ಗೇಜ್ ಅಥವಾ ಅದಕ್ಕಿಂತ ದಪ್ಪ ಇರ್ಲಿ ಅಂತ ರೌಟರ್ ಪುಸ್ತಕಗಳಲ್ಲಿ ಇರತ್ತೆ, ಅಂದ್ರೆ ಸುಮಾರು 0.4 ಮಿಲಿಮೀಟರ್ ತಾಮ್ರ, ಗೇಜ್ ನಂಬರ್ ಜಾಸ್ತಿ ಆದಷ್ಟೂ ತಂತಿ ಸಣ್ಣ ಅನ್ನೋದು ನೆನಪಿರ್ಲಿ. ಇದು ಸ್ಪೀಡಿಗೆ ಅಲ್ಲ, ಬೆಂಕಿಗೆ. ಹೊರಗೆಲ್ಲೋ ಕರೆಂಟ್ ತಂತಿ ಫೋನ್ ತಂತಿ ಮೇಲೆ ಬಿದ್ದು ಜಾಸ್ತಿ ಕರೆಂಟ್ ಒಳಗೆ ಹರಿದ್ರೆ ಮೊದಲು ಪ್ರೊಟೆಕ್ಷನ್ ಕಟ್ ಆಗ್ಬೇಕು, ತಂತಿ ಸಣ್ಣ ಇದ್ರೆ ಅದೇ ಕೆಂಪಗೆ ಕಾದು ನಿಮ್ಮ ಟೇಬಲ್ ಕೆಳಗೆ ಹೊತ್ಕೊಳ್ಳತ್ತೆ. ಈಗ ಮಾರ್ಕೆಟಲ್ಲಿ ನೂಡಲ್ಸ್ ಥರ ಸಪೂರ ಪ್ಯಾಚ್ ಕೇಬಲ್ ಬಂದಿವೆ, 30, 32 ಗೇಜ್, ರ‍್ಯಾಕಲ್ಲಿ ಚೆಂದ ಕಾಣತ್ತೆ, ಲ್ಯಾನಿಗೆ ಬಳಸಿ, ಇ1ಗೆ ಬೇಡ. ತಾಮ್ರ ಬಳಿದ ಅಲ್ಯೂಮಿನಿಯಂ ಕೇಬಲ್ಲೂ ಬೇಡ.

ಈಗ ನಿಮ್ಮ ಊರಿನ ಅಸಲಿ ಶತ್ರು, ಸಿಡಿಲು. ಏಪ್ರಿಲ್ ಮೇ ತಿಂಗಳ ಸಂಜೆ ಮಳೆ ಮಲೆನಾಡಲ್ಲಿ ಹೆಂಗಿರತ್ತೆ ಅಂತ ನಿಮಗೆ ನಾನು ಹೇಳ್ಬೇಕಾ. ಹೋದ ವರ್ಷ ನಿಮ್ಮ ಕಾರ್ಡ್ ಸುಟ್ಟಿದ್ದು ಸಿಡಿಲು ನೇರ ತಂತಿಗೆ ಹೊಡೆದು ಅಂತ ಅನ್ಕೊಂಡಿರ್ತೀರಿ, ನಂಗನ್ಸೋದು ಹಂಗಲ್ಲ. ಸಾಮಾನ್ಯವಾಗಿ ಆಗೋದು ಹಿಂಗೆ. ಹತ್ರದಲ್ಲೆಲ್ಲೋ ತೆಂಗಿನ ಮರಕ್ಕೋ ಕಂಬಕ್ಕೋ ಸಿಡಿಲು ಬೀಳತ್ತೆ, ಆ ಜಾಗದ ನೆಲದ ವೋಲ್ಟೇಜೇ ಒಂದು ಕ್ಷಣ ಸಾವಿರಾರು ವೋಲ್ಟ್ ಏರತ್ತೆ. ನಿಮ್ಮ ರೌಟರ್‌ನ ಮೈ ನಿಮ್ಮ ಅರ್ತ್ ಪಿಟ್‌ಗೆ ಕಟ್ಟಿದೆ, ಅದೂ ಜೊತೆಗೇ ಏರತ್ತೆ. ಆದ್ರೆ ಅದೇ ರೌಟರ್‌ನ ಇ1 ಪೋರ್ಟ್ ಹಿಡ್ಕೊಂಡಿರೋ ತಂತಿಯ ಇನ್ನೊಂದು ತುದಿ ದೂರದ ಎಕ್ಸ್‌ಚೇಂಜ್‌ನ ನೆಲಕ್ಕೆ ಕಟ್ಟಿದೆ, ಅಲ್ಲಿ ಏನೂ ಆಗಿಲ್ಲ. ಎರಡು ನೆಲದ ಮಧ್ಯೆ ಹಗ್ಗಜಗ್ಗಾಟ, ನಡುವೆ ಸಿಕ್ಕಿದ್ದು ಅಂಗೈ ಅಗಲದ ಕಾರ್ಡು.

ಇದನ್ನ ತಡೆಯಕ್ಕೆ ಲೈನ್ ಒಳಗೆ ಬರೋ ಕ್ರೋನ್ ಬಾಕ್ಸಲ್ಲಿ (ಫೋನ್ ತಂತಿ ಜೋಡಿಸೋ ಪೆಟ್ಟಿಗೆ) ಪ್ರೊಟೆಕ್ಷನ್ ಮ್ಯಾಗಜೀನ್ ಅನ್ನೋ ರಕ್ಷಣೆ ಪಟ್ಟಿ ಇರ್ಬೇಕು, ಅದ್ರಲ್ಲಿ ಸಣ್ಣ ಗುಳಿಗೆ ಥರ ಗ್ಯಾಸ್ ಟ್ಯೂಬ್ ಇರತ್ತೆ, ವೋಲ್ಟೇಜ್ ಮಿತಿ ಮೀರಿದ್ರೆ ಅದು ತಂತಿಯನ್ನ ಅರ್ತ್‌ಗೆ ಕಟ್ಟಿ ಹಾಕತ್ತೆ. ನೀವು ನಾಳೆ ಹೋಗಿ ಆ ಬಾಕ್ಸ್ ಮುಚ್ಚಳ ತೆಗೆದು ನೋಡಿ, ಟ್ಯೂಬ್ ಇದ್ಯಾ ಅನ್ನೋದಕ್ಕಿಂತ ಮುಖ್ಯವಾಗಿ ಅದ್ರ ಅರ್ತ್ ಪಟ್ಟಿಯಿಂದ ಹಸಿರು ತಂತಿ ಒಂದು ಹೊರಗೆ ಹೋಗ್ತಾ ಇದ್ಯಾ, ಹೋಗಿ ಎಲ್ಲಿ ಮುಗಿಯತ್ತೆ ಅಂತ ಒಳಗೆ ಕೈ ಹಾಕದೇ ಕಣ್ಣಲ್ಲೇ ಹಿಂಬಾಲಿಸಿ. ನಾನು ನೋಡಿರೋ ಎಷ್ಟೋ ಬಾಕ್ಸಲ್ಲಿ ಆ ತಂತಿ ಅರ್ಧ ಅಡಿ ಬಂದು ಗೋಡೆ ಮೇಲೆ ನೇತಾಡ್ತಾ ಇರತ್ತೆ, ಪೇಂಟ್ ಹೊಡೆಯೋರು ಅದ್ರ ಮೇಲೂ ಪೇಂಟ್ ಹೊಡೆದಿರ್ತಾರೆ. ಅರ್ತ್ ಇಲ್ಲದ ಗ್ಯಾಸ್ ಟ್ಯೂಬ್ ಬಾಗಿಲಿಗೆ ಕಟ್ಟಿದ ಒಣ ಮಾವಿನೆಲೆ ಇದ್ದಂಗೆ, ಶೋಭೆ ಅಷ್ಟೇ.

ಇನ್ನೊಂದು ನಮ್ಮ ಕಡೆ ತುಂಬಾ ಇರೋ ತಪ್ಪು ತಿಳುವಳಿಕೆ, ಕಂಪ್ಯೂಟರ್‌ಗೆ ಅಂತ ಬೇರೆ ಪಿಟ್ ತೋಡಿ ಅದನ್ನ ಕಟ್ಟಡದ ಅರ್ತ್‌ಗೆ ಸೇರಿಸದೇ ಪವಿತ್ರವಾಗಿ ಇಡೋದು. ಪಿಟ್ ಎಷ್ಟಾದ್ರೂ ಇರ್ಲಿ, ಆದ್ರೆ ಎಲ್ಲಾ ಒಂದಕ್ಕೊಂದು ದಪ್ಪ ತಾಮ್ರದಲ್ಲಿ ಸೇರಿರ್ಬೇಕು. ಮೇಲೆ ಹೇಳಿದ ಹಗ್ಗಜಗ್ಗಾಟ ನಿಮ್ಮದೇ ಕಟ್ಟಡದ ಎರಡು ಪಿಟ್ ಮಧ್ಯೆನೂ ನಡಿಯತ್ತೆ, ಅದಕ್ಕೆ ಎಕ್ಸ್‌ಚೇಂಜ್ ತನಕ ಹೋಗ್ಬೇಕಾಗಿಲ್ಲ. ಮೋಡೆಮ್, ರೌಟರ್, ಕ್ರೋನ್ ಬಾಕ್ಸ್, ಯುಪಿಎಸ್ ಎಲ್ಲದರ ಅರ್ತ್ ಒಂದೇ ತಾಮ್ರದ ಪಟ್ಟಿಗೆ ಬಂದು, ಅಲ್ಲಿಂದ ಪಿಟ್‌ಗೆ ಹೋಗ್ಲಿ. ಈ ಭಾಗವನ್ನ ನಿಮ್ಮ ಎಲೆಕ್ಟ್ರಿಷಿಯನ್‌ಗೆ ಬಿಡಿ, ಅವ್ರ ಕೈಗೆ ಇದು ಸರಿಯಾದ ಕೆಲಸ, ಅವ್ರ ಮುನಿಸೂ ಹೋಗತ್ತೆ. ಮಲ್ಟಿಮೀಟರಲ್ಲಿ ನ್ಯೂಟ್ರಲ್‌ಗೂ ಅರ್ತ್‌ಗೂ ಮಧ್ಯೆ ಎಷ್ಟಿದೆ ಕೇಳಿ, 2-3 ವೋಲ್ಟ್ ಒಳಗಿದ್ರೆ ನಿರಾಳ, 10-15 ತೋರಿಸಿದ್ರೆ ರೌಟರ್ ಡಬ್ಬದಿಂದ ಹೊರಗೇ ತೆಗೀಬೇಡಿ.

ರೌಟರ್‌ಗೆ ಪವರ್ ಪ್ಲಗ್‌ನ ಮೂರನೇ ಪಿನ್ ಅರ್ತ್ ಇದೆ ಅಲ್ವಾ ಅಂತ ಕೇಳ್ಬಹುದು. ಸಾಲಲ್ಲ. ಹಿಂದ್ಗಡೆ ಅರ್ತ್ ಚಿಹ್ನೆ ಪಕ್ಕ ಒಂದೋ ಎರಡೋ ಸ್ಕ್ರೂ ಜಾಗ ಇರತ್ತೆ, ಅದಕ್ಕೆ ತುದಿಗೆ ಲಗ್ (ಸ್ಕ್ರೂ ಕೂರೋ ಲೋಹದ ಬಳೆ) ಒತ್ತಿದ ಹಸಿರು-ಹಳದಿ ತಂತಿ, 6 ಚದರ ಮಿಲಿಮೀಟರ್‌ದು ಹಾಕಿದ್ರೆ ಚಿಂತೆ ಇಲ್ಲ. ರ‍್ಯಾಕ್‌ಗೆ ಕಟ್ಟೋದಾದ್ರೆ ಸ್ಕ್ರೂ ಕೆಳಗಿನ ಪೇಂಟ್ ಕೆರೆದು ಲೋಹ ಕಾಣ್ಬೇಕು, ಪೇಂಟ್ ಮೇಲೆ ಎಷ್ಟು ಬಿಗಿ ಮಾಡಿದ್ರೂ ಅದು ಅರ್ತ್ ಅಲ್ಲ. ಎಲ್ಲಕ್ಕಿಂತ ಮೊದಲು ಹಾಕೋದು ಈ ತಂತಿ, ಎಲ್ಲಕ್ಕಿಂತ ಕೊನೆಗೆ ತೆಗೆಯೋದೂ ಇದೇ. ದೂರದಲ್ಲಿ ಗುಡುಗು ಕೇಳ್ತಿದ್ರೂ ಸರಿ ಅವತ್ತು ಕೇಬಲ್ ಕೆಲಸ ಬೇಡ, ಕೊನೇ ಗುಡುಗು ಕೇಳಿ ಅರ್ಧ ಗಂಟೆ ಕಳೀಲಿ.

ಇನ್ನು ಮೀಟರ್ ಪರೀಕ್ಷೆ, ನನ್ನ ಪ್ರಕಾರ ಇಡೀ ಕೆಲಸದಲ್ಲಿ ಬೆಲೆ ಬಾಳೋ ಐದು ನಿಮಿಷ ಇದೇ. ಮೋಡೆಮ್‌ನ ರೌಟರ್ ಕಡೆ ಪೋರ್ಟಿಂದ ಒಂದು ಕೇಬಲ್ ತಂದು, ಅದ್ರ ಇನ್ನೊಂದು ತುದಿಯನ್ನ ಗೋಡೆಗೆ ಹಾಕೋ ಆರ್‌ಜೆ-45 ಕೀಸ್ಟೋನ್ ಸಾಕೆಟ್ ಒಂದಕ್ಕೆ ಚುಚ್ಚಿ, ಅದ್ರ ಹಿಂದೆ ತಂತಿ ಒತ್ತೋ ಲೋಹದ ಸೀಳು ಕಾಣತ್ತಲ್ಲ, ಅಲ್ಲಿ ಮೀಟರ್ ಮೊನೆ ಇಡಿ. ಬರಿಗಾಲಲ್ಲಿ ನಿಲ್ಬೇಡಿ, ಕೈ ಒಣಗಿರ್ಲಿ, ಉಂಗುರ ಬಳೆ ತೆಗೆದಿಡಿ, ಒಂದು ಕೈ ರ‍್ಯಾಕ್ ಮುಟ್ಟದ ಹಾಗೆ ಹಿಂದೆ ಇರ್ಲಿ. ಡಿಸಿಯಲ್ಲಿಟ್ಟು 1-2 ನೋಡಿ, 4-5 ನೋಡಿ, ಆಮೇಲೆ ಪ್ರತಿ ಜೋಡಿಯಿಂದ ಅರ್ತ್‌ಗೆ ನೋಡಿ. ಸೊನ್ನೆ ಹತ್ರ ಇದ್ರೆ ಅದು ನಿಮಗೆ ಬೇಕಾದ ಇ1. 48-50 ವೋಲ್ಟ್ ತೋರಿಸಿದ್ರೆ ಯಾರೋ ಅನಲಾಗ್ ಲೈನ್ ನಿಮ್ಮ ಕೈಗೆ ಕೊಟ್ಟಿದಾರೆ. ಅದಕ್ಕಿಂತ ಜಾಸ್ತಿ ಇದ್ರೆ, 100 ಮೇಲೆ ಹೋದ್ರಂತೂ, ನೀವು ಹಿಡ್ಕೊಂಡಿರೋದು ಮೋಡೆಮ್‌ನ ಬೀದಿ ಕಡೆ ತಂತಿ, ಮೊನೆ ತೆಗೀರಿ, ದೂರ ಸರೀರಿ, ಲೈನ್ ಕೊಟ್ಟೋರಿಗೆ ಫೋನ್ ಮಾಡಿ. ಮೋಡೆಮ್ ತನಕ ಅವ್ರದ್ದು, ಮೋಡೆಮಿಂದ ಈಚೆ ನಿಮ್ಮದು, ಆ ಗಡಿ ದಾಟಿ ಕೈ ಹಾಕೋದು ಬೇಡ.

ನಿಮ್ಮದು ಫೈಬರ್ ಮೇಲೆ ಬಂದಿರೋ ಪಿಆರ್‌ಐ ಆಗಿದ್ರೆ ಅರ್ಧ ತಲೆನೋವು ಇಲ್ಲ, ಗಾಜಿನ ಎಳೇಲಿ ಸಿಡಿಲು ಬರಲ್ಲ, ಗೋಡೆ ಮೇಲಿನ ಡಬ್ಬಿಗೆ ಹಳದಿ ಸಪೂರ ಕೇಬಲ್ ಬಂದಿದ್ಯಾ ನೋಡಿ. ಬಂದಿದ್ರೆ ಅದ್ರ ತುದಿಯನ್ನ ಕಣ್ಣಿಗೆ ಹಿಡಿದು ಬೆಳಕು ಬರ್ತಿದ್ಯಾ ಅಂತ ಮಾತ್ರ ನೋಡ್ಬೇಡಿ, ಆ ಬೆಳಕು ಕಾಣೋದೂ ಇಲ್ಲ, ಕಣ್ಣಿಗೆ ಒಳ್ಳೇದೂ ಅಲ್ಲ. ಇನ್ನು ಪಿಆರ್‌ಐ ಅಲ್ದೇ ಹಳೇ ಎರಡು ಚಾನೆಲ್‌ನ ಬಿಆರ್‌ಐ ಇರೋರೂ ಇದನ್ನ ಓದ್ತಿದ್ರೆ, ನಿಮ್ಮ ಪಿನ್ನುಗಳು 3, 4, 5, 6, ಬೀದಿಯಿಂದ ಬರೋ ಎರಡು ತಂತಿ ಮೊದಲು ಬೀದಿ ಲೈನ್ ಮುಗಿಸೋ ಎನ್‌ಟಿ1 ಡಬ್ಬಿಗೆ ಹೋಗ್ಬೇಕು, ಆಮೇಲೆ ರೌಟರ್‌ಗೆ. ಆ ಡಬ್ಬಿಯಿಂದ ಫೋನ್‌ಗೆ ಅಂತ 40 ವೋಲ್ಟ್ ಎರಡು ಜೋಡಿ ಮಧ್ಯೆ ಬರ್ತಿರತ್ತೆ, ಲ್ಯಾನ್ ಪೋರ್ಟ್‌ಗೆ ತೋರಿಸ್ಬೇಡಿ.

ಕೇಬಲ್ ಹಾಕಿದ್ಮೇಲೆ ಲೈಟ್ ಬಂತು ಅಂತ ಬಿಡ್ಬೇಡಿ. ರೌಟರ್‌ನ ಕಮಾಂಡ್ ಸ್ಕ್ರೀನಲ್ಲಿ ಶೋ ಕಂಟ್ರೋಲರ್ಸ್ ಇ1 ಅಂತ ಹೊಡೆದು ನೋಡಿ. ಲಾಸ್ ಆಫ್ ಸಿಗ್ನಲ್ ಅಂದ್ರೆ ರೌಟರ್ ಕಿವಿಗೆ ಏನೂ ಬೀಳ್ತಿಲ್ಲ, ಕೇಬಲ್ ತಿರುಗಿಸಿ. ಎಐಎಸ್ ಅನ್ನೋ ಅಲಾರಂ ಬರ್ತಿದ್ರೆ ಕೇಬಲ್ ಸರಿ ಇದೆ, ಮೋಡೆಮ್‌ನಿಂದ ಆಚೆ ಏನೋ ಕಡಿದಿದೆ, ಲೈನ್‌ನವರಿಗೆ ಹೇಳಿ. ರಿಮೋಟ್ ಅಲಾರಂ ಇದ್ರೆ ನೀವು ಕೇಳ್ತಿದೀರಿ, ಅವ್ರಿಗೆ ನಿಮ್ಮ ಮಾತು ಕೇಳಿಸ್ತಿಲ್ಲ, ಅಂದ್ರೆ 4, 5 ಜೋಡಿ ನೋಡಿ. ಅನುಮಾನ ಬಂದಾಗ ನಾನು ಮಾಡೋದು, ಒಂದು ಪ್ಲಗ್ಗಲ್ಲಿ 1ರಿಂದ 4ಕ್ಕೆ 2ರಿಂದ 5ಕ್ಕೆ ತುಂಡು ತಂತಿ ಹಾಕಿ ಕ್ರಿಂಪ್ ಮಾಡಿ ಜೇಬಲ್ಲಿ ಇಟ್ಕೊಂಡಿರ್ತೀನಿ, ರೌಟರ್ ಪೋರ್ಟ್‌ಗೆ ಅದನ್ನೇ ಚುಚ್ಚಿದ್ರೆ ಅದ್ರ ಮಾತು ಅದಕ್ಕೇ ಕೇಳಿ ಹಸಿರು ಲೈಟ್ ಬರ್ಬೇಕು. ಬಂತಾ, ಕಾರ್ಡ್ ಗಟ್ಟಿ. ಬರ್ಲಿಲ್ವಾ, ಸೆಕೆಂಡ್ ಹ್ಯಾಂಡ್ ಮಾರಿದೋರ ನಂಬರ್ ಹುಡುಕಿ.

ಹಾಂ, ಅದೇ ಮಾತಿಗೆ, ಕಾರ್ಡಿನ ಮೇಲೆ ಬರೀ ಟಿ1 ಅಂತಿದ್ರೆ ಅದು ಅಮೆರಿಕದ 24 ಚಾನೆಲ್ ವ್ಯವಸ್ಥೆ, ಸೆಕೆಂಡಿಗೆ 1.544 ಮೆಗಾಬಿಟ್, ಇಲ್ಲಿ ಉಪಯೋಗಕ್ಕಿಲ್ಲ. ಟಿ1/ಇ1 ಅಂತ ಎರಡೂ ಇದ್ರೆ ಕಾರ್ಡ್ ಟೈಪ್ ಇ1 ಅಂತ ಮೊದಲು ರೌಟರ್‌ಗೆ ಹೇಳ್ಬೇಕು. ಸ್ವಿಚ್ ಟೈಪ್ (ಎಕ್ಸ್‌ಚೇಂಜ್ ಜೊತೆ ಮಾತಾಡೋ ಭಾಷೆ) ಪ್ರೈಮರಿ-ನೆಟ್5, ಕ್ಲಾಕ್ ಸೋರ್ಸ್ (ಯಾರ ತಾಳಕ್ಕೆ ಕುಣಿಯೋದು ಅನ್ನೋದು) ಲೈನ್ ಇಡಿ, ಕ್ಲಾಕ್ ಇಂಟರ್ನಲ್ ಇಟ್ರೆ ಲೈನ್ ಎದ್ದೇ ಇರತ್ತೆ, ಆದ್ರೆ ಸ್ಲಿಪ್ ಸೆಕೆಂಡ್ (ತಾಳ ತಪ್ಪಿದ ಲೆಕ್ಕ) ಏರ್ತಾ ಹೋಗಿ ಮಾತಲ್ಲಿ ಟಿಕ್ ಟಿಕ್ ಬರತ್ತೆ, ಫ್ಯಾಕ್ಸ್ ಅಂತೂ ಹೋಗೋದೇ ಇಲ್ಲ. ಒಳಗೆ ಪಿವಿಡಿಎಂ ಅನ್ನೋ, ಮಾತನ್ನ ನೆಟ್‌ವರ್ಕ್ ಡೇಟಾ ಮಾಡೋ ಡಿಎಸ್‌ಪಿ ಚಿಪ್ ಹಾಕಿದ ಪಟ್ಟಿ ಇದ್ಯಾ ನೋಡಿ, ಅದಿಲ್ದಿದ್ರೆ ಲೈನ್ ಎದ್ರೂ ಐಪಿ ಫೋನಿಂದ (ನೆಟ್‌ವರ್ಕ್ ಮೇಲೆ ಓಡೋ ಫೋನು) ಒಂದು ಕಾಲೂ ಹೋಗಲ್ಲ.

ಇಷ್ಟೆಲ್ಲಾ ಮಾಡೋ ಬದ್ಲು ಸಿಪ್ ಟ್ರಂಕ್ (ಇಂಟರ್ನೆಟ್ ಮೇಲೆ ಬರೋ ಫೋನ್ ಲೈನ್) ತಗೊಳ್ಳಿ ಅಂತ ನಿಮಗೆ ಯಾರಾದ್ರೂ ಹೇಳೇ ಹೇಳ್ತಾರೆ. ತಪ್ಪಲ್ಲ, ಇಂಗ್ಲೆಂಡಲ್ಲಂತೂ ಐಎಸ್‌ಡಿಎನ್ (ಪಿಆರ್‌ಐ, ಬಿಆರ್‌ಐ ಸೇರಿದ ಕುಟುಂಬ) ಸಮೇತ ಹಳೇ ಫೋನ್ ಜಾಲವನ್ನ 2027ರ ಜನವರಿಗೆ ಮುಚ್ಚೋದು ಅಂತ ಇಟ್ಕೊಂಡಿದಾರೆ. ಆದ್ರೆ ಇಂಟರ್ನೆಟ್ ಹೋದಾಗ್ಲೂ ರಿಸೆಪ್ಷನ್ ಫೋನ್ ಎತ್ತೋ ಹಾಗಿರ್ಬೇಕು ಅನ್ನೋ ಆಸ್ಪತ್ರೆಗೆ, ಇರೋ ಪಿಆರ್‌ಐ ಸರಿಯಾಗಿ ಓಡ್ತಿದ್ರೆ, ನಾನಾದ್ರೆ ಕೀಳಲ್ಲ.

ಈ ವಾರ ಇಷ್ಟು ಮಾಡಿ ಮೇಡಂ. ಮೋಡೆಮ್ ಹಿಂದಿನ ಲೇಬಲ್ ಫೋಟೋ, ಕ್ರೋನ್ ಬಾಕ್ಸ್ ಒಳಗಿನ ಫೋಟೋ ಹಸಿರು ತಂತಿ ಕಾಣೋ ಹಾಗೆ, ನ್ಯೂಟ್ರಲ್-ಅರ್ತ್ ರೀಡಿಂಗ್, 1-2 ಮತ್ತು 4-5 ಡಿಸಿ ರೀಡಿಂಗ್, ಜೊತೆಗೆ ಕಾರ್ಡಿನ ಮೇಲೆ ಬರ್ದಿರೋ ಮಾಡೆಲ್ ನಂಬರ್ ಬರೆದು ಕಳ್ಸಿ. ಅದು ಬಂದ್ಮೇಲೆ ನೇರ ಕೇಬಲ್ಲೋ ಕ್ರಾಸೋ ಅಂತ ಹೇಳ್ತೀನಿ. ಅಲ್ಲೀತನಕ ಹಳೇ ಕಾರ್ಡ್ ಸುಟ್ಟಿದ್ಯಲ್ಲ, ಅದ್ರ ಯಾವ ಪಿನ್ ಹತ್ರ ಕಪ್ಪಾಗಿದೆ ಅಂತ ಒಂದ್ಸಲ ನೋಡಿ, ಲೈನ್ ಕಡೆಯ ಟ್ರಾನ್ಸ್‌ಫಾರ್ಮರ್ ಹತ್ರ ಕಪ್ಪಾಗಿದ್ರೆ ಆ ಕ್ರೋನ್ ಬಾಕ್ಸಿನ ಅರ್ತ್ ಇಲ್ಲ ಅಂತ ನಾನು ಇಲ್ಲಿಂದ್ಲೇ ಬೆಟ್ ಕಟ್ತೀನಿ.